ಕೆಂಪು ಹಂಸಪಾದ

ಬೆಳಕು ಹರಿಯುವುದರೊಳಗೆ ಆಗಬೇಕಾದ ಕೆಲಸಗಳು ಇಷ್ಟು. ನಲ್ಲಿಯಲ್ಲಿ ನೀರು ನಿಲ್ಲುವ ಮುಂಚೆ ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿಸುವುದು. ನೆನೆಹಾಕಿದ ಕಾಳು ಬಸಿದು ಬೇಯಲಿಡುವುದು. ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚುವುದು. ಅತ್ತೆಯ ಮಂಡಿಗೆ ಎಣ್ಣೆ ಬಿಸಿ ಮಾಡುವುದು. ಬಿಸಿ ಹೆಚ್ಚಾದರೆ "ಸುಟ್ಟೇ ಬಿಡು ನನ್ನ", ಕಡಿಮೆಯಾದರೆ "ಇದೇನು ಬಾವಿ ನೀರಾ" ಅನ್ನಿಸಿಕೊಳ್ಳುವುದು. ಗಂಡನ ಡಬ್ಬಿ, ಮಗಳ ಡಬ್ಬಿ, ತನ್ನ ಡಬ್ಬಿ ತುಂಬುವುದು, ಇದೇ ಕ್ರಮದಲ್ಲಿ, ಯಾಕೆಂದರೆ ಕಡಿಮೆ ಬಿದ್ದರೆ ಕೊನೆಯದಕ್ಕೆ ಬೀಳಬೇಕು. ಮಗಳ ಯೂನಿಫಾರ್ಮಿಗೆ ಇಸ್ತ್ರಿ. ಗಂಡನ ಕಾಣೆಯಾದ ಕಾಲುಚೀಲ ಹುಡುಕುವುದು. ಅದು ಕಾಣೆಯಾಗದ ದಿನವಿಲ್ಲ, ಅವನಿಗೆ ಸಿಕ್ಕ ದಿನವೂ ಇಲ್ಲ. ಕೊನೆಗೆ ಚಹಾಕ್ಕೆ ನೀರಿಡುವುದು.

ಚಹಾದ ನೀರು ಕುದಿಯಲು ಆರು ನಿಮಿಷ ಬೇಕು. ಉರಿ ಸಣ್ಣ ಮಾಡಿದರೆ ಎಂಟು. ಆ ಮನೆಯಲ್ಲಿ ಅವಳದು ಅಂತ ಇದ್ದ ಆಸ್ತಿ ಅಷ್ಟೇ. ಒಲೆಯ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು, ಪ್ರೆಸ್ಸಿನಿಂದ ತಂದ ರದ್ದಿ ಹಾಳೆಗಳ ಹಿಂಬದಿಯಲ್ಲಿ ಅವಳು ಒಂದು ಕಥೆ ಬರೆಯುತ್ತಿದ್ದಳು. ಆರು ವರ್ಷದಿಂದ ಅದೊಂದೇ ಕಥೆ. ದಿನಕ್ಕೆ ಮೂರು ಸಾಲು, ಬರೆದು ಹೊಡೆದು ಮತ್ತೆ ಬರೆದು. ಹಾಲು ಉಕ್ಕಿದ ದಿನ ಅದೂ ಇಲ್ಲ. ಬರೆದದ್ದನ್ನು ಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿಸಿಡುತ್ತಿದ್ದಳು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವಳ ಕೈ ಬಿಟ್ಟು ಬೇರೆ ಯಾವ ಕೈಯೂ ಅಲ್ಲಿಗೆ ಹೋದದ್ದಿಲ್ಲ.

ಆ ಕಥೆ ಅಚ್ಚಾಗಬೇಕು, ತಲೆಬರಹದ ಕೆಳಗೆ ತನ್ನ ಹೆಸರಿರಬೇಕು ಅನ್ನುವುದು ಅವಳ ಆಸೆ. ದೊಡ್ಡ ಆಸೆಯೇನಲ್ಲ ಅನ್ನಬಹುದು. ಆದರೆ ಅವಳ ಹೆಸರನ್ನು ಯಾರಾದರೂ ಬಾಯಲ್ಲಿ ಅಂದು ಎಷ್ಟು ಕಾಲವಾಗಿತ್ತೋ. ಗಂಡನಿಗೆ ಅವಳು "ಏ, ಇಲ್ನೋಡು". ಅತ್ತೆಗೆ "ಇವಳೇ". ಮಗಳಿಗೆ ಅಮ್ಮ. ಪ್ರೆಸ್ಸಿನಲ್ಲಿ ಎಲ್ಲರಿಗೂ ಪ್ರೂಫಮ್ಮ. ಹೆಸರು ಉಳಿದಿದ್ದದ್ದು ಮತದಾರರ ಪಟ್ಟಿಯಲ್ಲಿ ಮಾತ್ರ. ಅಲ್ಲೂ ಕಾಗುಣಿತ ತಪ್ಪು.

ಕರಡು ತಿದ್ದುವುದು ಅವಳ ಕಸುಬು. ಹತ್ತೊಂಬತ್ತು ವರ್ಷದಿಂದ ಒಂದೇ ಪ್ರೆಸ್ಸು, ಕಿಟಕಿಯಿಲ್ಲದ ಅದೇ ಕೋಣೆ, ಒಂದು ಕಾಲಿಗೆ ಮಡಿಸಿದ ರಟ್ಟು ಕೊಟ್ಟ ಅದೇ ಮೇಜು. ಅಲ್ಲಿ ಪಂಚಾಂಗ, ಪಠ್ಯ, ಮದುವೆ ಪತ್ರಿಕೆ ಯಾವುದೂ ಅಚ್ಚಾಗುವುದಿಲ್ಲ. ಅಚ್ಚಾಗುವುದು ಭವಿಷ್ಯ. "ನಾಳೆ ಮಾಲೆ" ಅಂತ ವರ್ಷಕ್ಕೆರಡು ಕಾದಂಬರಿ, ಒಂದು ಕಥಾಸಂಕಲನ. ಎಲ್ಲವೂ ಮುಂದೆ ಬರಲಿರುವ ಕೆಟ್ಟ ಕಾಲದ ಕಥೆಗಳು: ಮನುಷ್ಯರಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟ ರಾಜ್ಯ, ನೆನಪಿನ ಮೇಲೆ ತೆರಿಗೆ ಹಾಕಿದ ನಗರ, ಸೂರ್ಯನನ್ನು ಗುತ್ತಿಗೆಗೆ ಕೊಟ್ಟ ಸರ್ಕಾರ. ಜಗತ್ತು ನಲವತ್ತೊಂದು ಸಲ ಮುಗಿದುಹೋದದ್ದನ್ನು ಅವಳು ಒಂದೂ ಕಾಗುಣಿತ ತಪ್ಪಿಲ್ಲದಂತೆ ನೋಡಿಕೊಂಡಿದ್ದಳು.

ಮೊದಮೊದಲು ಹೆದರಿಕೆಯಾಗುತ್ತಿತ್ತು. ಬರುಬರುತ್ತ ಅವಳಿಗೆ ಇನ್ನೊಂದು ಕಾಣತೊಡಗಿತು. ಈ ನಲವತ್ತೊಂದು ಪ್ರಳಯಗಳಲ್ಲಿ ಒಂದರಲ್ಲೂ ಎಂಜಲು ತಟ್ಟೆಯಿಲ್ಲ. ಮಂಗಳ ಗ್ರಹದಲ್ಲಿ ದಂಗೆಯೆದ್ದವರು ಮೂರು ತಿಂಗಳು ಒಂದೇ ಅಂಗಿಯಲ್ಲಿರುತ್ತಾರೆ, ಆದರೂ ಅಂಗಿ ಗರಿಗರಿ. ಹಸಿದವರಿಗೆ ಊಟ ಆಗುತ್ತದೆ. ಮಲಗುವವರಿಗೆ ಹಾಸಿಗೆ ಸಿದ್ಧವಾಗಿರುತ್ತದೆ. ಮಾತು ಬಿಸಿಯೇರಿದಾಗ ಚಹಾ ಬರುತ್ತದೆ. ಆಗುತ್ತದೆ, ಇರುತ್ತದೆ, ಬರುತ್ತದೆ. ಯಾರೂ ಏನೂ ಮಾಡುವುದೇ ಇಲ್ಲ!

ಈ ಭವಿಷ್ಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬರೆದವರು ಒಬ್ಬರೇ. ಪ್ರೆಸ್ಸಿನಲ್ಲಿ ಅವರಿಗೆ ಭವಿಷ್ಯ ಸರ್ ಅಂತಲೇ ಹೆಸರು. ಪ್ರಪಂಚವನ್ನು ಹತ್ತಾರು ಸಲ ಮುಳುಗಿಸಿದವರಾದರೂ ಮನುಷ್ಯ ಮೆದು. ನೆಗಡಿಯಾದರೆ ಹೆಂಡತಿ ಫೋನ್ ಮಾಡಿ "ಅವರಿಗೆ ಇವತ್ತು ಬರೋಕಾಗಲ್ಲ" ಅನ್ನುತ್ತಿದ್ದರು.

ತಪ್ಪು ಹೇಗಾಯಿತು ಅಂತ ತಿಳಿಯಬೇಕಾದರೆ ಪ್ರೆಸ್ಸಿನ ಒಂದು ಪದ್ಧತಿ ತಿಳಿದಿರಬೇಕು. ಕರಡಿನಲ್ಲಿ ಬಿಟ್ಟುಹೋದ ಪದ ಸೇರಿಸುವುದಿದ್ದರೆ ಸಾಲಿನ ನಡುವೆ ಒಂದು ಪುಟ್ಟ ಗುರುತು ಹಾಕಿ, ಪದವನ್ನು ಅಂಚಿನಲ್ಲಿ ಬರೆಯುತ್ತಾರೆ. ಆ ಗುರುತಿಗೆ ಹಂಸಪಾದ ಅಂತ ಹೆಸರು. ಕೆಸರಲ್ಲಿ ಹಕ್ಕಿ ಕಾಲಿಟ್ಟು ಹೋದ ಹಾಗೆ ಕಾಣುತ್ತದೆ. ಕೆಂಪು ಶಾಯಿಯಲ್ಲಿ ಹಾಕಿದರೆ ಅದು ತಿದ್ದುಪಡಿ, ನೇರವಾಗಿ ಪುಸ್ತಕದೊಳಗೆ ಹೋಗುತ್ತದೆ. ಬರೆದವರನ್ನು ಏನಾದರೂ ಕೇಳುವುದಿದ್ದರೆ ಪೆನ್ಸಿಲಿನಲ್ಲಿ ಬರೆಯಬೇಕು. ಅದು ಅನುಮಾನ, ಲೇಖಕರು ನೋಡುತ್ತಾರೆ, ಅಳಿಸುತ್ತಾರೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳಿಗೆ ಬೆರಳೂ ಜೋರು, ಬಾಯೂ ಜೋರು, ಅದಕ್ಕೇ ಅವಳು ಪಟಪಟಿ. ಅವಳ ವೇದವಾಕ್ಯ ಒಂದೇ: "ಕೆಂಪಿದ್ರೆ ಹೊಡಿ, ಪೆನ್ಸಿಲ್ ಇದ್ರೆ ಬಿಡಿ."

ಭವಿಷ್ಯ ಸರ್ ಅವರ "ಉಸಿರು ಚೀಟಿ" ಕಾದಂಬರಿಯ ಕೊನೆಯ ಕರಡು ಬಂದ ದಿನ ಪ್ರೂಫಮ್ಮನ ಪೆನ್ಸಿಲು ಮೇಜಿನ ಮೇಲಿರಲಿಲ್ಲ. ರೇಖಾಗಣಿತದ ಪರೀಕ್ಷೆಗೆ ಮಗಳು ಒಯ್ದಿದ್ದಳು. ಕಾದಂಬರಿಯಲ್ಲಿ ಸರ್ಕಾರ ಗಾಳಿಗೆ ಪಡಿತರ ಚೀಟಿ ಕೊಡುತ್ತದೆ. ಜೋರಾಗಿ ನಕ್ಕವರಿಗೆ ಒಂದು ವಾರದ ಉಸಿರು ಕಡಿತ. ನಾಯಕ ಏಳು ಜನ ಸಂಗಾತಿಗಳೊಂದಿಗೆ ನೆಲಮಾಳಿಗೆಯಲ್ಲಿ ಹದಿನೆಂಟು ತಿಂಗಳು ಅಡಗಿ ಕೂತು ಸಮಾನತೆಯ ಬಗ್ಗೆ ಮಾತಾಡುತ್ತಾನೆ. ಇರುವೆಯೂ ನುಸುಳದ ಆ ನೆಲಮಾಳಿಗೆಗೆ ಹನ್ನೊಂದು ಸಲ ಚಹಾ ಬರುತ್ತದೆ.

ಅವಳು ತಮಾಷೆಗೆ ಮಾಡಿದ್ದಲ್ಲ. ನಲವತ್ತನೇ ಪುಟದಲ್ಲಿ ಸತ್ತವನು ತೊಂಬತ್ತನೇ ಪುಟದಲ್ಲಿ ಕೆಮ್ಮಿದರೆ ಕರಡು ತಿದ್ದುವವಳು ಕೇಳಬೇಕೋ ಬೇಡವೋ? ಇದೂ ಅಂಥದೇ ಅನುಮಾನ. ಒಳಗಿರುವುದು ಎಂಟು ಜನ, ಎಂಟೂ ಜನ ಮಾತಾಡುತ್ತಿದ್ದಾರೆ, ಹಾಗಾದರೆ ಚಹಾ? ಪೆನ್ಸಿಲು ತಡಕಿದಳು, ಸಿಗಲಿಲ್ಲ. ಕೈಯಲ್ಲಿದ್ದ ಕೆಂಪು ಪೆನ್ನಿನಲ್ಲೇ ಅಂಚಿನಲ್ಲಿ ಬರೆದಳು: ಯಾರು ತಂದರು? ಕೆಂಪು ಹಿಡಿದ ಕೈಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ಅದು ತನ್ನಷ್ಟಕ್ಕೆ ಸಾಲಿನೊಳಗೆ ಒಂದು ಹಂಸಪಾದವನ್ನೂ ಇಟ್ಟುಬಿಟ್ಟಿತು. ಹನ್ನೊಂದು ಕಡೆ ಹೀಗೇ ಆಯಿತು. ಪಟಪಟಿ ಹನ್ನೊಂದನ್ನೂ ಸಾಲಿನೊಳಗೆ ಟೈಪ್ ಹೊಡೆದಳು.

ಪುಸ್ತಕ ಅಚ್ಚಾಗಿ, ಹೊಲಿಗೆಯಾಗಿ, ರಟ್ಟು ಕಟ್ಟಿಸಿಕೊಂಡು ಬಂದಾಗ ಎಪ್ಪತ್ತೆರಡನೇ ಪುಟ ಹೀಗಿತ್ತು:

"ಚಹಾ ಬಂತು. ಯಾರು ತಂದರು? ನಾಯಕ ಒಂದು ಗುಟುಕು ಹೀರಿ ಹೇಳಿದ: ಗೆಳೆಯರೇ, ಇನ್ನು ಮುಂದೆ ಯಾರೂ ಯಾರ ಆಳೂ ಅಲ್ಲ."

ಪ್ರೆಸ್ಸಿನ ಯಜಮಾನರು ಅವತ್ತು ಕೂಗಾಡಿದ್ದು ಬೀದಿಯ ಆಚೆಯ ಸೈಕಲ್ ಅಂಗಡಿಗೂ ಕೇಳಿತು.

"ಪ್ರೂಫಮ್ಮಾ! ತಪ್ಪು ತೆಗೀರಿ ಅಂತ ಕೂರಿಸಿದ್ರೆ ತಪ್ಪು ಹಾಕ್ತೀರಲ್ರೀ!"

"ಪೆನ್ಸಿಲ್ ಇರಲಿಲ್ಲ ಸರ್."

"ಪೆನ್ಸಿಲ್ ಇಲ್ಲ ಅಂತ ನನ್ನ ಮಾನ ತೆಗೆಯೋದಾ?" ಪಟಪಟಿಯ ಕಡೆ ತಿರುಗಿದರು. "ನಿನಗೆ ಕಣ್ಣಿರಲಿಲ್ವಾ?"

"ನನ್ನ ಕಣ್ಣು ಅಕ್ಷರ ನೋಡುತ್ತೆ ಸರ್, ಅರ್ಥ ನೋಡಲ್ಲ. ಅರ್ಥ ನೋಡ್ತಾ ಕೂತ್ರೆ ಸ್ಪೀಡ್ ಕಮ್ಮಿ ಅಂತ ನೀವೇ ಬೈತೀರಿ."

ಅವತ್ತಿನಿಂದ ಹೊಸ ನಿಯಮ ಬಂತು. ಪ್ರತಿ ಕೆಂಪು ತಿದ್ದುಪಡಿಯ ಪಕ್ಕದಲ್ಲೂ ತಿದ್ದಿದವರ ಸಹಿ ಇರಬೇಕು. ಸಹಿಯಿದ್ದರೆ ಹೊಣೆ ಅವರದು, ಅಕ್ಷರ ಜೋಡಿಸಿದವರದಲ್ಲ. "ಇನ್ನೊಂದು ಸಲ ಇಂಥದ್ದು ಆದ್ರೆ ಡಬ್ಬಿ ತಗೊಂಡು ಮನೇಗೆ," ಅಂದರು ಯಜಮಾನರು.

ಆದರೆ ಪುಸ್ತಕ ಆಗಲೇ ಅಂಗಡಿ ಸೇರಿತ್ತು, ಎರಡು ವಾರದ ಮೇಲೆ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಭವಿಷ್ಯ ಸರ್ ಇಷ್ಟು ದಿಟ್ಟವಾಗಿ ಎಂದೂ ಬರೆದಿರಲಿಲ್ಲ, ಕ್ರಾಂತಿಯ ಮಗ್ಗುಲಲ್ಲೇ ಕೂತು "ಯಾರು ತಂದರು" ಎಂದು ಕೇಳುವ ಆ ಅನಾಮಿಕ ದನಿ ಇಡೀ ಕಾದಂಬರಿಯನ್ನು ತಲೆಕೆಳಗು ಮಾಡುತ್ತದೆ, ಹೀಗೆ ಮುಕ್ಕಾಲು ಪುಟ. ಕಾಲೇಜಿನ ಹುಡುಗಿಯರು ಪತ್ರ ಬರೆದರು. ಒಂದು ಸಲ ಮುದ್ರಿಸಿದ್ದು ಸಾಲದೆ ಮತ್ತೆ ಮುದ್ರಿಸಬೇಕಾಯಿತು. ಯಜಮಾನರ ದನಿಗೆ ಎಣ್ಣೆ ಹಚ್ಚಿದ ಹಾಗಾಯಿತು. ತಿಂಗಳೊಳಗೆ ಸಭೆಯೂ ಆಯಿತು. ಪ್ರೂಫಮ್ಮ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿದಳು.

"ಅದು ನನ್ನ ಪ್ರಯೋಗ," ಅಂದರು ಭವಿಷ್ಯ ಸರ್ ವೇದಿಕೆಯಿಂದ. "ಓದುಗನ ಆತ್ಮಸಾಕ್ಷಿಯೇ ಪಠ್ಯದೊಳಕ್ಕೆ ನುಗ್ಗಿ ಬರಬೇಕು ಅಂತ ಬಹಳ ಯೋಚನೆ ಮಾಡಿ..."

ಸಭೆಯಿಂದ ಯಾರೋ ಕೇಳಿದರು, "ಹಾಗಾದ್ರೆ ಚಹಾ ಯಾರು ತಂದ್ರು ಸರ್?"

ಎಲ್ಲರೂ ನಕ್ಕರು. ಅವರೂ ನಕ್ಕು, "ಅದೇ ರಹಸ್ಯ," ಅಂದರು. ಅಷ್ಟರಲ್ಲಿ ಸಭಾಂಗಣದ ಕಸ ಗುಡಿಸುವ ಹೆಂಗಸು ತಟ್ಟೆಯಲ್ಲಿ ಲೋಟ ಹಿಡಿದು ವೇದಿಕೆ ಹತ್ತಿದಳು. ಭವಿಷ್ಯ ಸರ್ ಮಾತು ನಿಲ್ಲಿಸದೆ, ಅವಳ ಮುಖ ನೋಡದೆ, ಕೈ ಚಾಚಿ ಲೋಟ ತೆಗೆದುಕೊಂಡರು.

ಪ್ರೂಫಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂದದ್ದು ನಗು ಅಂದುಕೊಂಡಳು. ಮನೆಗೆ ಬಂದ ಮೇಲೆ ಗೊತ್ತಾಯಿತು, ನಗುವಲ್ಲ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಅವಳು ಎಲ್ಲ ಹೇಳಿದಳು. ಅವನು ಕೆಟ್ಟವನೇನಲ್ಲ. ಕೈಯ ಗ್ರೀಸು ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡು, "ಒಳ್ಳೇದೇ ಆಯ್ತಲ್ಲ, ಕೆಲಸ ಉಳೀತು," ಅಂದ. ಒರೆಸಿದ ಬಟ್ಟೆಯನ್ನು ಅವಳು ನಿನ್ನೆ ಒಗೆದಿದ್ದಳು, ನಾಳೆ ಮತ್ತೆ ಒಗೆಯುತ್ತಾಳೆ. ಅವತ್ತೇ ಅವಳು ತೀರ್ಮಾನಿಸಿದಳು. ಇನ್ನು ಕಥೆಯನ್ನು ಡಬ್ಬದ ಹಿಂದೆ ಇಡುವುದಲ್ಲ.

ಮೂರೇ ವಾರದಲ್ಲಿ ಮುಗಿಸಿದಳು. ಉರಿ ಇನ್ನೂ ಸಣ್ಣ ಮಾಡಿ, ಆರು ನಿಮಿಷವನ್ನು ಹನ್ನೆರಡು ಮಾಡಿಕೊಂಡು. "ಇವತ್ತು ಚಹಾ ಲೇಟು," ಅಂತ ಗಂಡ ಗೊಣಗಿದರೆ "ನೀರಿಗೆ ಇವತ್ತು ಮನಸ್ಸಿಲ್ಲ" ಅನ್ನುತ್ತಿದ್ದಳು.

ಕಥೆಯ ಹೆಸರು "ಪಾತ್ರೆಗಳು ಬಾಯಿ ಬಿಟ್ಟ ದಿನ". ಮುಂದೊಂದು ಕಾಲದ ಒಂದು ನಗರ. ಒಂದು ಬೆಳಗ್ಗೆ ಅಲ್ಲಿನ ವಸ್ತುಗಳಿಗೆಲ್ಲ ಮಾತು ಬರುತ್ತದೆ. ತಟ್ಟೆ ಎತ್ತಿದರೆ ತಟ್ಟೆ ಹೇಳುತ್ತದೆ, ನನ್ನನ್ನು ತೊಳೆದವಳು ಇಂಥವಳು, ಅವಳಿಗೆ ಅವತ್ತು ಜ್ವರವಿತ್ತು. ಅಂಗಿ ತೊಟ್ಟರೆ ಗುಂಡಿ ಹೇಳುತ್ತದೆ, ನನ್ನನ್ನು ಹೊಲಿದವಳು ಇಂಥವಳು, ಸೂಜಿ ಚುಚ್ಚಿಕೊಂಡಳು. ನಗರದ ದೊಡ್ಡವರು ಊಟ ಮಾಡಲಾರರು, ಮಲಗಲಾರರು. ದಿಂಬೇ ಕಿವಿಯಲ್ಲಿ ಹೆಸರು ಹೇಳುತ್ತದೆ. ಸರ್ಕಾರ ಮೌನ ಇಲಾಖೆ ತೆರೆಯುತ್ತದೆ. ಪಾತ್ರೆಗಳಿಗೆ ಅಂಟಿದ ದನಿ ಉಜ್ಜಿ ತೆಗೆಯಲು ಸಾವಿರಾರು ಹೆಂಗಸರನ್ನು ನೇಮಿಸುತ್ತದೆ. ಉಜ್ಜಿದ ಮೇಲೆ ಪಾತ್ರೆಗಳು ಹೊಸದಾಗಿ ಶುರು ಮಾಡುತ್ತವೆ: ನನ್ನ ಬಾಯಿ ಉಜ್ಜಿದವಳು ಇಂಥವಳು, ಅವಳ ಉಗುರು ಸವೆದಿದೆ. ಕೊನೆಗೆ ಸರ್ಕಾರ "ಯಾರು" ಅನ್ನುವ ಪದವನ್ನೇ ನಿಷೇಧಿಸುತ್ತದೆ. ಮಾರನೆಯ ಬೆಳಗ್ಗೆ ಹೆಂಗಸರು ಯಾರೂ ಏಳುವುದಿಲ್ಲ. ಮಂತ್ರಿ ಕೂತು ಕಾಯುತ್ತಾನೆ. "ಚಹಾ ಯಾಕೆ ಬಂದಿಲ್ಲ?" ಅನ್ನುತ್ತಾನೆ. ಯಾರು ತರಲಿಲ್ಲ ಅಂತ ಕೇಳುವ ಹಾಗಿಲ್ಲ, ಆ ಪದ ಅವನೇ ನಿಷೇಧಿಸಿದ್ದು. ಅಲ್ಲಿಗೆ ಕಥೆ ಮುಗಿಯುತ್ತದೆ.

ಅವಳು ಅದನ್ನು ಯಜಮಾನರ ಮೇಜಿನ ಮೇಲಿಟ್ಟಳು. "ಈ ವರ್ಷದ ಸಂಕಲನಕ್ಕೆ, ಸರ್."

"ಯಾರದ್ದು?"

"ನನ್ನದು."

ಯಜಮಾನರು ಕನ್ನಡಕ ಏರಿಸಿ ಅವಳನ್ನು ನೋಡಿದರು, ಮೇಜೇ ಎದ್ದು ಮಾತಾಡಿತೇನೋ ಅನ್ನುವ ಹಾಗೆ. "ಸಂಕಲನದ ಸಂಪಾದಕರು ಭವಿಷ್ಯ ಸರ್. ಅವರಿಗೆ ಕಳಿಸ್ತೀನಿ, ನೋಡೋಣ."

ಭವಿಷ್ಯ ಸರ್ ಬಂದವರು ಅವಳ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದರು, "ಓದಿದೆನಮ್ಮ. ಸಾಮಗ್ರಿ ಇದೆ. ಆದರೆ ಹಸಿ. ಇನ್ನೂ ಬೇಯಬೇಕು."

"ಬೇಯಿಸೋದು ನನಗೆ ಗೊತ್ತು ಸರ್."

"ಹಹ್ಹಹ್ಹ! ಇದು ಆ ಬೇಯಿಸೋದಲ್ಲಮ್ಮ. ಬಿಡು, ನಾನೇ ಒಂದು ಕೈ ನೋಡ್ತೀನಿ."

ಆಮೇಲೆ ಸುದ್ದಿಯಿಲ್ಲ. ಸಂಕಲನದ ಕೊನೆಯ ಕರಡು ತಿದ್ದಲು ಬಂದದ್ದು ಅವಳ ಮೇಜಿಗೇ. ಬೇರೆ ಎಲ್ಲಿಗೆ ಬರಬೇಕು? ಪುಟ ತಿರುವುತ್ತಿದ್ದವಳ ಕೈ ನೂರಾ ಹದಿನೆಂಟನೇ ಪುಟದಲ್ಲಿ ನಿಂತಿತು. ಅವಳ ಮಂತ್ರಿ, ಅವಳ ತಟ್ಟೆಗಳು, ಅವಳ ಮೌನ ಇಲಾಖೆ. ತಲೆಬರಹ ಮಾತ್ರ "ಧ್ವನಿಯಂತ್ರ" ಅಂತ ಆಗಿತ್ತು. ಕೆಳಗೆ ಭವಿಷ್ಯ ಸರ್ ಹೆಸರು. ಹೊಸದಾಗಿ ಒಬ್ಬ ವಿಜ್ಞಾನಿ ಬಂದು ಸೇರಿಕೊಂಡಿದ್ದ. ಪಾತ್ರೆಗಳಿಗೆ ಮಾತು ಕಲಿಸಿದವನೇ ಅವನಂತೆ. ಅವನು ಅಡುಗೆಮನೆಗೆ ಹೋಗಿ ಸೌಟಿನಲ್ಲಿ ಹಾಲು ಸೋಸುತ್ತಿದ್ದ. ಸೌಟಿನಲ್ಲಿ! ಮಂತ್ರಿ ಚಹಾಕ್ಕೆ ಕಾಯುವ ಕೊನೆಯ ಪುಟ ಇರಲೇ ಇಲ್ಲ. ಅದರ ಬದಲು ವಿಜ್ಞಾನಿ ಕಿಟಕಿಯಿಂದ ನಕ್ಷತ್ರ ನೋಡಿ ನಿಟ್ಟುಸಿರಿಡುತ್ತಿದ್ದ. ಕಥೆಗೊಂದು ಚಿಕ್ಕ ಟಿಪ್ಪಣಿಯಿತ್ತು: "ಒಂದು ಮುಂಜಾನೆ ಚಹಾ ಹೀರುತ್ತಿದ್ದಾಗ ಈ ಕಥೆ ನನಗೆ ತಾನಾಗಿಯೇ ಬಂತು."

ಅವಳು ಆ ಒಂದು ಪದವನ್ನೇ ತುಂಬ ಹೊತ್ತು ನೋಡಿದಳು. ಬಂತು.

ಹಾಳೆ ಹಿಡಿದು ಯಜಮಾನರ ಹತ್ತಿರ ಹೋದಳು.

"ಸರ್, ಇದು ನನ್ನ ಕಥೆ."

"ಗೊತ್ತು, ಗೊತ್ತು. ಕೂತ್ಕೊಳ್ಳಿ." ಅವಳು ಕೂರಲಿಲ್ಲ. "ನೋಡಿ ಪ್ರೂಫಮ್ಮ, ನಿಮ್ಮ ಹೆಸರು ಯಾರಿಗೆ ಗೊತ್ತು? ಅವರ ಹೆಸರಿದ್ರೆ ನಾಲ್ಕು ಜನ ಓದ್ತಾರೆ. ನಿಮ್ಮ ಮಾತೇ ತಾನೇ ಜನಕ್ಕೆ ಮುಟ್ಟೋದು?"

"ನನ್ನ ಮಾತು, ಅವರ ಬಾಯಿ."

"ಹಾಗ್ಯಾಕೆ ಅಂತೀರಿ! ತಿದ್ದಿ ತೀಡಿದ್ದಾರೆ ಪಾಪ."

"ಸೌಟಲ್ಲಿ ಹಾಲು ಸೋಸಿದ್ದಾರೆ ಸರ್."

ಯಜಮಾನರಿಗೆ ಅದರಲ್ಲೇನು ತಪ್ಪು ಅಂತ ತಿಳಿಯಲಿಲ್ಲ. ಅವರು ದನಿ ತಗ್ಗಿಸಿದರು. "ಹತ್ತೊಂಬತ್ತು ವರ್ಷದಿಂದ ಹಾಳೆಗಿಷ್ಟು ಅಂತ ದುಡೀತಿದ್ದೀರಿ. ಮುಂದಿನ ತಿಂಗಳಿಂದ ಕಾಯಂ ಮಾಡ್ತೀನಿ. ರಜೆ, ಸಂಬಳ, ಎಲ್ಲ. ಕಿಟಕಿ ಪಕ್ಕದ ಮೇಜು. ಹೆಸರು ಮುಂದಿನ ವರ್ಷ ನೋಡೋಣ. ನಾಳೆ ಮಧ್ಯಾಹ್ನ ಮೂರಕ್ಕೆ ಅಚ್ಚಿಗೆ ಹೋಗಬೇಕು. ಅನುಮಾನ ಇದ್ರೆ ಪೆನ್ಸಿಲಲ್ಲಿ ಬರೀರಿ, ಅವರು ನೋಡ್ತಾರೆ." ಬೆರಳೆತ್ತಿದರು. "ಪೆನ್ಸಿಲಲ್ಲಿ. ಕೆಂಪು ಮುಟ್ಟಿದ್ರೆ ಆಮೇಲೆ ನನ್ನ ಕೇಳಬೇಡಿ."

ಸಂಜೆ ಮನೆಯಲ್ಲಿ ತಟ್ಟೆಗೆ ಬಡಿಸುತ್ತ ಅವಳು ವಿಷಯ ತೆಗೆದಳು. ಗಂಡನಿಗೆ ಕಾಯಂ ಅನ್ನುವ ಪದ ಒಂದೇ ಕೇಳಿಸಿತು.

"ಕಾಯಂ ಮಾಡ್ತಾರಾ? ಮತ್ತೆ ಇನ್ನೇನು? ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀಯಾ?"

"ನಿನ್ನ ಡಿಪೋದಲ್ಲಿ ನೀನು ರಿಪೇರಿ ಮಾಡಿದ ಬಸ್ಸಿಗೆ ಇನ್ನೊಬ್ಬ ರುಜು ಹಾಕಿದ್ರೆ?"

"ಹಲ್ಲು ಉದುರಿಸ್ತೀನಿ."

"ಹೂಂ. ನಾನಿನ್ನೂ ಯಾರ ಹಲ್ಲೂ ಮುಟ್ಟಿಲ್ಲ."

ಮೂಲೆಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಬಾಯಿ ಹಾಕಿದಳು. "ನಿಮ್ಮ ಮಾವ ಸಾಯೋ ಹಿಂದಿನ ದಿನ ಆಸ್ಪತ್ರೆಯವರು ಹೆಂಡತಿ ಹೆಸರು ಹೇಳಿ ಅಂದ್ರು. ನಲವತ್ತು ವರ್ಷ 'ಲೇ' ಅಂದೇ ಕರೆದ ಮನುಷ್ಯ. ತಡಕಾಡಿದ್ರು, ತಡಕಾಡಿದ್ರು, ಕೊನೆಗೆ ನನ್ನ ತಂಗಿ ಹೆಸರು ಹೇಳಿದ್ರು. ಆ ಕಾಗದದಲ್ಲಿ ಇವತ್ತಿಗೂ ಅವಳೇ ನನ್ನ ಗಂಡನ ಹೆಂಡತಿ." ಕಾಲು ಚಾಚಿ, "ಎಣ್ಣೆ ಬಿಸಿ ಮಾಡೇ ಇವಳೇ, ಚಳಿಗೆ ಹಿಡ್ಕೊಂಡಿದೆ," ಅಂದಳು.

ಮಗಳು ಕಂಪಾಸು ಪೆಟ್ಟಿಗೆ ತೆರೆದು ಪೆನ್ಸಿಲು ತೆಗೆದು ಕೊಟ್ಟಳು. ಎರಡು ಬೆರಳಷ್ಟು ಉಳಿದಿತ್ತು. "ಅಮ್ಮ, ನಿನ್ನದು. ಈ ವರ್ಷದ ಪರೀಕ್ಷೆಗಳೆಲ್ಲ ಮುಗಿದ್ವು."

ಮಾರನೆಯ ದಿನವೂ ಡ್ರಮ್ಮು ತುಂಬಿತು, ಅಂತ ಬರೆಯುವುದು ಸುಲಭ. ತುಂಬಿಸಿದವಳು ಅವಳು. ಎರಡು ಡ್ರಮ್ಮು, ನಾಲ್ಕು ಕೊಡ, ಕಾಳು, ಹಿಟ್ಟು, ಎಣ್ಣೆ, ಮೂರು ಡಬ್ಬಿ. ಕಾಲುಚೀಲವೊಂದನ್ನು ಮಾತ್ರ ಹುಡುಕಲಿಲ್ಲ. "ಏ, ಇಲ್ನೋಡು," ಅಂತ ಕೂಗಿದ ಗಂಡನಿಗೆ "ನಾನು ನೋಡಿದ್ದಾಯ್ತು, ನೀನು ನೋಡು," ಅಂದು ಡಬ್ಬಿ ಎತ್ತಿಕೊಂಡು ಹೊರಟಳು. ಅವನು ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕಂದು ಹಾಕಿಕೊಂಡು ಡಿಪೋಗೆ ಹೋದನೆಂದು ಆಮೇಲೆ ತಿಳಿಯಿತು.

ಪ್ರೆಸ್ಸಿನಲ್ಲಿ ಬೆಳಗ್ಗೆಯೆಲ್ಲ ಉಳಿದ ಕಥೆಗಳನ್ನು ತಿದ್ದಿದಳು. ಅಲ್ಪಪ್ರಾಣ, ಮಹಾಪ್ರಾಣ, ಬಿಟ್ಟ ಒತ್ತು, ಹೆಚ್ಚಾದ ಕೊಂಬು. ಒಂದೊಂದರ ಪಕ್ಕದಲ್ಲೂ ನಿಯಮದ ಪ್ರಕಾರ ಸಹಿ. ಒಂದು ಗಂಟೆಗೆ ಪಟಪಟಿ ಬಾಗಿಲಲ್ಲಿ ತಲೆ ಹಾಕಿದಳು.

"ಅಕ್ಕಾ, ಊಟಕ್ಕೆ ಬರಲ್ವಾ?"

"ನೀನು ಹೋಗು. ಸ್ವಲ್ಪ ಉಳಿದಿದೆ."

"ಹಾಳೆಗಳನ್ನ ನನ್ನ ಕರಡಿನ ತಟ್ಟೆಯಲ್ಲಿಟ್ಟಿರಿ, ಬಂದು ಟೈಪ್ ಹೊಡೀತೀನಿ. ಮೂರಕ್ಕೆ ಹೋಗಬೇಕಂತೆ."

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಇಳಿದುಹೋಯಿತು. ಯಜಮಾನರು ಮನೆಗೆ ಊಟಕ್ಕೆ ಹೋಗಿದ್ದರು. ಕೆಳಗೆ ಯಂತ್ರವೂ ನಿಂತಿತ್ತು. ಮೇಜಿನ ಮೇಲೆ ನೂರಾ ಹದಿನೆಂಟನೇ ಪುಟ, ಅದರ ಬಲಕ್ಕೆ ಎರಡು ಬೆರಳುದ್ದದ ಪೆನ್ಸಿಲು, ಎಡಕ್ಕೆ ಕೆಂಪು ಪೆನ್ನು.

ಪೆನ್ಸಿಲು ಎತ್ತಿಕೊಂಡಳು. ತಲೆಬರಹದ ಪಕ್ಕದಲ್ಲಿ "ಇದು ಯಾರ ಕಥೆ?" ಅಂತ ಬರೆಯಬಹುದಿತ್ತು. ಭವಿಷ್ಯ ಸರ್ ನೋಡುತ್ತಾರೆ, ನಗುತ್ತಾರೆ, ಅಳಿಸುತ್ತಾರೆ. ಮುಂದಿನ ತಿಂಗಳು ಕಿಟಕಿ ಪಕ್ಕದ ಮೇಜು. ಹತ್ತೊಂಬತ್ತು ವರ್ಷದಿಂದ ಅವಳು ಗಾಳಿ ಬರುವ ಕಡೆ ಕೂತಿರಲಿಲ್ಲ. ಮಗಳಿಗೆ ಜ್ವರ ಬಂದರೆ ಒಂದು ದಿನ ರಜೆ ಹಾಕಬಹುದು. ಅದನ್ನೆಲ್ಲ ಅವಳು ತೂಗಿ ನೋಡದೆ ಇರಲಿಲ್ಲ. ಕಾಯಂ ಅನ್ನುವುದು ಹಗುರವಾದ ಪದವಲ್ಲ.

ಆದರೆ ಪೆನ್ಸಿಲು ಅನುಮಾನಕ್ಕೆ. ಇದು ಯಾರ ಕಥೆ ಅನ್ನುವುದರಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

ಪೆನ್ಸಿಲನ್ನು ಡ್ರಾಯರಿಗೆ ಹಾಕಿ ಕೆಂಪು ಪೆನ್ನು ತೆಗೆದುಕೊಂಡಳು. "ಧ್ವನಿಯಂತ್ರ"ಕ್ಕೆ ಅಡ್ಡಗೆರೆ ಎಳೆದು ಮೇಲೆ "ಪಾತ್ರೆಗಳು ಬಾಯಿ ಬಿಟ್ಟ ದಿನ" ಅಂತ ಬರೆದು ಸಹಿ ಹಾಕಿದಳು. ವಿಜ್ಞಾನಿಯನ್ನು ಅವನ ಸೌಟು, ಹಾಲು, ನಕ್ಷತ್ರಗಳ ಸಮೇತ ಮೂರು ಗೆರೆಯಲ್ಲಿ ಹೊಡೆದಳು; ಸಹಿ. ಡಬ್ಬಿಯ ಚೀಲದಿಂದ ತನ್ನಲ್ಲೇ ಉಳಿಸಿಕೊಂಡಿದ್ದ ಮೊದಲ ಪ್ರತಿಯ ಕೊನೆಯ ಪುಟ ತೆಗೆದು, ಮಂತ್ರಿ ಚಹಾಕ್ಕೆ ಕಾಯುವ ಪುಟ ಅದು, ಅದಕ್ಕೆ ಇನ್ನೂ ಹಿಟ್ಟಿನ ಧೂಳಿತ್ತು, ಗುಂಡುಪಿನ್ನಿನಿಂದ ಸೇರಿಸಿ "ಇಲ್ಲಿಗೆ" ಅಂತ ಬಾಣ ಹಾಕಿದಳು, ಸಹಿ. "ತಾನಾಗಿಯೇ ಬಂತು" ಅನ್ನುವ ಟಿಪ್ಪಣಿಯನ್ನು ಹೊಡೆಯುವಾಗ ಪೆನ್ನು ಹಾಳೆ ಹರಿಯುವಷ್ಟು ಒತ್ತಿತು. ತಲೆಬರಹದ ಕೆಳಗಿನ ಹೆಸರಿಗೆ ಗೆರೆ ಎಳೆದದ್ದು ಮಾತ್ರ ಮೆಲ್ಲಗೆ, ಅಳತೆಪಟ್ಟಿಯಿಟ್ಟು.

ಆಮೇಲೆ ಆ ಜಾಗದಲ್ಲಿ ಒಂದು ಹಂಸಪಾದ ಇಟ್ಟಳು. ಈ ಸಲ ಕೈ ತನ್ನಷ್ಟಕ್ಕೆ ಇಡಲಿಲ್ಲ. ಅವಳೇ ಇಟ್ಟಳು. ಅಂಚಿನಲ್ಲಿ ತನ್ನ ಹೆಸರು ಬರೆದಳು, ಪೂರ್ತಿಯಾಗಿ, ಅಮ್ಮ ಅಪ್ಪ ಇಟ್ಟ ಹಾಗೆ. ಕಾಗುಣಿತ ಎರಡು ಸಲ ನೋಡಿದಳು. ಪಕ್ಕದಲ್ಲಿ ಸಹಿ ಹಾಕಿದಳು. ಹೊಣೆ ಯಾರದು ಅಂತ ನಾಳೆ ಯಾರೂ ಪಟಪಟಿಯನ್ನು ಕೇಳಬಾರದು.

ಶಾಯಿ ಆರಲೆಂದು ಒಮ್ಮೆ ಊದಿ, ಹಾಳೆಗಳನ್ನು ಜೋಡಿಸಿ, ಎದ್ದು ಹೋಗಿ ಪಟಪಟಿಯ ತಟ್ಟೆಯಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು.